ವಾಹನಗಳು ಮಾತಾಡಿಕೊಂಡರೆ ಜಾಮ್ ಎಷ್ಟು ಕರಗುತ್ತದೆ? ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪರೀಕ್ಷಿಸುವ ಬಗೆ

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ನಮ್ಮ ಲ್ಯಾಬ್‌ಗೆ ಒಂದಾದರೂ ತಂಡ ಈ ವಿಷಯ ಹಿಡಿದುಕೊಂಡು ಬರುತ್ತದೆ. "ಮೇಡಂ, ಗಾಡಿಗಳು ಒಂದಕ್ಕೊಂದು ಮಾತಾಡಿಕೊಂಡು ಟ್ರಾಫಿಕ್ ಕಡಿಮೆ ಮಾಡೋ ತರ ಏನಾದ್ರೂ ಮಾಡ್ತೀವಿ" ಅಂತ. ವಿಷಯ ನನಗೆ ತುಂಬ ಇಷ್ಟ. ಬೆಂಗಳೂರಿನ ಉತ್ತರ ಭಾಗದಲ್ಲಿ ಕೆಲಸ ಮಾಡುವವಳು ನಾನು, ಹೆಬ್ಬಾಳ ದಾಟದೆ ಮನೆ ಸೇರುವ ಹಾಗಿಲ್ಲ. ಆದರೆ ಈ ಪ್ರಾಜೆಕ್ಟ್‌ಗಳ ಕೊನೆಯ ಸ್ಲೈಡ್ ನೋಡಿದರೆ ಬೇಸರವಾಗುತ್ತದೆ. ಅಲ್ಲಿ ದೊಡ್ಡ ಅಕ್ಷರದಲ್ಲಿ "ಪ್ರಯಾಣದ ಸಮಯದಲ್ಲಿ ಶೇಕಡಾ 40 ಉಳಿತಾಯ" ಅಂತ ಇರುತ್ತದೆ. ಎಲ್ಲಿಂದ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಾಹನಗಳ ನಡುವಿನ ಸಹಕಾರದಿಂದ ನಿಜವಾಗಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದನ್ನು ನೀವೇ ಮಾಡಿ ನೋಡಬಹುದು. ಬೇಕಾಗಿರುವುದು ಸಾಧಾರಣ ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್, ಒಂದೆರಡು ವಾರಾಂತ್ಯ. ದುಡ್ಡು ಖರ್ಚಿಲ್ಲ. ಎಂಜಿನಿಯರಿಂಗ್ ಓದಿರಲೇಬೇಕು ಅಂತಲೂ ಇಲ್ಲ.

ಮೊದಲು, ಎರಡು ಬಗೆಯ ಜಾಮ್

ಕಂಪ್ಯೂಟರ್ ಮುಟ್ಟುವ ಮುಂಚೆ ಇದೊಂದು ತಲೆಯಲ್ಲಿರಲಿ. ಜಾಮ್‌ನಲ್ಲಿ ಎರಡು ಬಗೆ. ಒಂದಕ್ಕೆ ಕಾರಣವೇ ಕಾಣುವುದಿಲ್ಲ. ಔಟರ್ ರಿಂಗ್ ರೋಡ್‌ನಲ್ಲಿ ನಿಂತು ನಿಂತು ಸಾಗುತ್ತೀರಿ, ಮುಂದೆ ಅಪಘಾತ ಆಗಿರಬೇಕು ಅಂದುಕೊಳ್ಳುತ್ತೀರಿ. ಐದು ನಿಮಿಷದ ಮೇಲೆ ರಸ್ತೆ ತಾನಾಗಿ ಖಾಲಿ. ಅಪಘಾತವೂ ಇಲ್ಲ, ಗುಂಡಿಯೂ ಇಲ್ಲ. ಯಾರೋ ಒಬ್ಬರು ಬ್ರೇಕ್ ಒತ್ತಿದರು, ಹಿಂದಿನವರು ಇನ್ನೂ ಸ್ವಲ್ಪ ಜಾಸ್ತಿ ಒತ್ತಿದರು, ಅವರ ಹಿಂದಿನವರು ನಿಂತೇಬಿಟ್ಟರು. ಆ ನಿಲುಗಡೆ ಅಲೆಯ ಹಾಗೆ ಹಿಂದಕ್ಕೆ ಹೋಗುತ್ತದೆ.

ಜಪಾನಿನ ನಗೋಯಾದ ಸಂಶೋಧಕರು ಇದನ್ನು ಬಯಲಲ್ಲಿ ಮಾಡಿ ತೋರಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು. ಗಂಟೆಗೆ 30 ಕಿಲೋಮೀಟರ್‌ನಂತೆ ಸಮವಾಗಿ ಓಡಿಸಿ ಅಂತಷ್ಟೇ ಚಾಲಕರಿಗೆ ಹೇಳಿದ್ದರು. ಸಿಗ್ನಲ್ ಇಲ್ಲ, ತಿರುವಿಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಹುಟ್ಟಿತು. ಅದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯಿತು. 2008ರಲ್ಲಿ ಪ್ರಕಟವಾದ ಪ್ರಯೋಗ ಇದು. ಅದರ ವಿಡಿಯೋ ಸಿಕ್ಕರೆ ಒಮ್ಮೆ ನೋಡಿ.

ಇನ್ನೊಂದು ಬಗೆ ಹೆಬ್ಬಾಳದ್ದು. ವಿಮಾನ ನಿಲ್ದಾಣದ ಕಡೆಯಿಂದ ಬರುವವರು, ಕೆ.ಆರ್. ಪುರ, ನಾಗವಾರದ ಕಡೆಯಿಂದ ಬರುವವರು, ಗೊರಗುಂಟೆಪಾಳ್ಯದ ಕಡೆಯಿಂದ ಬರುವವರು, ಎಲ್ಲರಿಗೂ ಮೇಖ್ರಿ ಸರ್ಕಲ್ ಕಡೆಗೇ ಹೋಗಬೇಕು. ಲೆಕ್ಕ ಹಾಕಿ ನೋಡಿ. ಒಂದು ಲೇನ್‌ನಲ್ಲಿ, ಎಲ್ಲ ಸರಿ ಇದ್ದಾಗ, ಎರಡು ಸೆಕೆಂಡಿಗೆ ಒಂದು ಕಾರು ಹೋಗುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 1,800. ಎರಡು ಲೇನ್ ಅಂದರೆ 3,600. ಅಲ್ಲಿಗೆ ಗಂಟೆಗೆ 4,500 ಕಾರು ಬಂದರೆ 900 ಕಾರು ಉಳಿದೇ ಉಳಿಯುತ್ತವೆ. ಅವು ಒಂದಕ್ಕೊಂದು ಎಷ್ಟೇ ಚೆನ್ನಾಗಿ ಮಾತಾಡಿಕೊಳ್ಳಲಿ, ರಸ್ತೆ ಅಗಲವಾಗುವುದಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಈ ಲೇಖನದ ಜೀವಾಳವೇ ಅದು. ಕಿರಿದಾದ ಜಾಗದಲ್ಲಿ ಒಮ್ಮೆ ಸಾಲು ನಿಂತುಬಿಟ್ಟರೆ, ಮೊದಲು ಹೋಗುತ್ತಿದ್ದಷ್ಟೂ ವಾಹನ ಆಮೇಲೆ ಹೋಗುವುದಿಲ್ಲ. ಎಲ್ಲರೂ ನುಗ್ಗಿ, ನಿಂತು, ಮತ್ತೆ ಹೊರಡುವುದರಲ್ಲಿ ಸಮಯ ಸೋರಿಹೋಗುತ್ತದೆ. ಹೆದ್ದಾರಿಗಳಲ್ಲಿ ಅಳೆದಾಗ ಈ ಸೋರಿಕೆ ಬಹಳ ಸಲ ಶೇಕಡಾ 10ರ ಆಸುಪಾಸಿನಲ್ಲಿ ಇರುತ್ತದೆ. ಸಹಕಾರದಿಂದ ವಾಪಸ್ ಪಡೆಯಬಹುದಾದದ್ದು ಈ ಭಾಗ. ಅದು ಸಣ್ಣದಲ್ಲ. ಬೆಳಗಿನ ಹೊತ್ತು ಎರಡು ಗಂಟೆ ಕಾಲ ನಿಲ್ಲುವ ಸಾಲು ಬೇಗ ಕರಗಬಹುದು. ಆದರೆ ಅದಕ್ಕೊಂದು ಮಿತಿ ಇದೆ. ಗಂಟೆಗೆ ದಾಟುವ ವಾಹನಗಳ ಏರಿಕೆ ಆ ಮಿತಿಯನ್ನು ಬಹಳ ಮೀರಿ ಹೋದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತ ಅರ್ಥ.

ವಾಹನ ಏನು ಹೇಳುತ್ತದೆ?

ಚುಟುಕಾಗಿ ಹೇಳಿಬಿಡುತ್ತೇನೆ. 5.9 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ. ಪ್ರತಿ ವಾಹನ ಸೆಕೆಂಡಿಗೆ 10 ಸಲ "ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು, ಬ್ರೇಕ್ ಒತ್ತಿದ್ದೇನೆ" ಅಂತ ಸುತ್ತಲಿನವರಿಗೆ ಹೇಳುತ್ತದೆ. ತೆರೆದ ಜಾಗದಲ್ಲಿ 300 ಮೀಟರ್ ತನಕ ಕೇಳುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್. ಹಾಗಾಗಿ 300 ಮೀಟರ್ ಮುಂದಿನ ಸುದ್ದಿ ಸಿಕ್ಕರೆ 30 ಸೆಕೆಂಡ್ ಮುಂಚೆ ಎಚ್ಚರಿಕೆ ಸಿಕ್ಕ ಹಾಗೆ. ಬಿಎಂಟಿಸಿ ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ ನಮಗೆ ಕಾಣುವುದು ಆ ಬಸ್ಸಿನ ಬ್ರೇಕ್ ಲೈಟ್ ಒಂದೇ, ಅಲ್ವಾ? ವ್ಯತ್ಯಾಸ ಅಲ್ಲಿದೆ.

ಅಮೆರಿಕದಲ್ಲಿ ಇದಕ್ಕೆಂದು 1999ರಲ್ಲೇ 75 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿ ತೆಗೆದಿಟ್ಟಿದ್ದರು. ಹೆಚ್ಚು ಬಳಕೆಗೆ ಬರಲಿಲ್ಲ ಅಂತ 2020ರಲ್ಲಿ 30ಕ್ಕೆ ಇಳಿಸಿದರು. ಜಪಾನಿನಲ್ಲಿ ಟೊಯೋಟಾ 2015ರಿಂದ ಬೇರೆ ತರಂಗದಲ್ಲಿ, 760 ಮೆಗಾಹರ್ಟ್ಸ್‌ನಲ್ಲಿ, ಇದನ್ನು ಕೊಡುತ್ತಿದೆ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ 2019ರ ಗಾಲ್ಫ್‌ನಲ್ಲಿ ತಂದಿತು. ವೈಫೈ ಜಾತಿಯ ರೇಡಿಯೋ ಒಂದು, ಮೊಬೈಲ್ ಜಾಲದ ಜಾತಿಯದು ಇನ್ನೊಂದು. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಇಷ್ಟು ವರ್ಷ ಎಳೆದಾಟ ಆಗಿದ್ದಕ್ಕೆ ಇದೂ ಒಂದು ಕಾರಣ.

ಸುಮೋ ಹಾಕಿಕೊಳ್ಳಿ

ಸುಮೋ ಅಂದರೆ ಟಾಟಾ ಸುಮೋ ಅಲ್ಲ. ಜರ್ಮನಿಯ ಅಂತರಿಕ್ಷ ಸಂಶೋಧನಾ ಕೇಂದ್ರ 2001ರಿಂದ ಬೆಳೆಸಿಕೊಂಡು ಬಂದಿರುವ ಟ್ರಾಫಿಕ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೇ ರಸ್ತೆ ಮಾಡಿ ವಾಹನ ಓಡಿಸಿ ನೋಡುವ ಪ್ರೋಗ್ರಾಂ. ಉಚಿತ, ಮೂಲ ಕೋಡ್ ಕೂಡ ತೆರೆದಿದೆ. ವಿಂಡೋಸ್‌ಗೆ ಇನ್‌ಸ್ಟಾಲರ್ ಇದೆ, ಉಬುಂಟುವಿಗೆ ಪ್ಯಾಕೇಜ್ ಇದೆ. ಮುಂದೆ ಬರುವ ಸೆಟ್ಟಿಂಗ್ ಹೆಸರುಗಳನ್ನು ಉಚ್ಚಾರದ ಹಾಗೆ ಬರೆದಿದ್ದೇನೆ. ಸುಮೋ ಕೈಪಿಡಿಯಲ್ಲಿ ಹುಡುಕಿದರೆ ಎಲ್ಲವೂ ಸಿಗುತ್ತವೆ.

ನೇರವಾಗಿ ಹೆಬ್ಬಾಳಕ್ಕೆ ಹೋಗಬೇಡಿ. ಮೊದಲು ಒಂದು ವೃತ್ತ ಮಾಡಿ.

ನೆಟ್‌ಎಡಿಟ್ ಅನ್ನುವ ನಕ್ಷೆ ತಿದ್ದುವ ಪ್ರೋಗ್ರಾಂ ಸುಮೋ ಜೊತೆಗೇ ಬರುತ್ತದೆ. ಅದರಲ್ಲಿ 500 ಮೀಟರ್ ಸುತ್ತಳತೆಯ, ಒಂದೇ ಲೇನ್‌ನ ದುಂಡು ರಸ್ತೆ ಎಳೆಯಿರಿ. ಸುಲಭ ಅಂತ ಚೌಕ ಎಳೆಯಬೇಡಿ. ಚೂಪು ತಿರುವಿನಲ್ಲಿ ಸುಮೋ ತಾನಾಗಿ ವೇಗ ಇಳಿಸುತ್ತದೆ. ಆಮೇಲೆ ನಾಲ್ಕು ಮೂಲೆಯಲ್ಲೂ ಸಾಲು ನಿಂತರೆ ನಿಮಗೆ ಕಾಣುವುದು ಮೂಲೆಯ ಜಾಮ್, ನೀವು ಹುಡುಕುತ್ತಿರುವ ಅಲೆ ಅಲ್ಲ. ಎರಡೋ ನಾಲ್ಕೋ ತುಂಡು ಮಾಡಿ, ಪ್ರತಿ ತುಂಡಿಗೂ ನಡುವೆ ಬಿಂದುಗಳನ್ನು ಸೇರಿಸಿ ಬಾಗಿಸಿ. ಹದಿನೈದು ನಿಮಿಷದ ಕೆಲಸ.

ಅದರಲ್ಲಿ 30 ಕಾರು ಬಿಡಿ. ವಾಹನಗಳ ದಾರಿ ಬರೆದಿಡುವ ರೂಟ್ ಫೈಲ್‌ನಲ್ಲಿ ರಿಪೀಟ್ ಅಂತ ಕೊಟ್ಟರೆ ಅವು ಸುತ್ತುತ್ತಲೇ ಇರುತ್ತವೆ. ವೇಗದ ಮಿತಿ ಗಂಟೆಗೆ 50 ಇರಲಿ. ಸುಮೋದ ಸಾಮಾನ್ಯ ಕಾರಿನ ಉದ್ದ 5 ಮೀಟರ್, ನಿಂತಾಗ ಮುಂದಿನ ಕಾರಿಗೂ ತನಗೂ ನಡುವೆ ಬಿಡುವ ಜಾಗ 2.5 ಮೀಟರ್. 500ನ್ನು 30ರಿಂದ ಭಾಗಿಸಿದರೆ ಒಂದೊಂದಕ್ಕೆ ಸುಮಾರು 16.6 ಮೀಟರ್. ಅದರಲ್ಲಿ ಏಳೂವರೆ ಕಳೆದರೆ 9 ಮೀಟರ್ ಚಿಲ್ಲರೆ ಉಳಿಯಿತು. ಟೌ, ಅಂದರೆ ಮುಂದಿನ ಕಾರಿಗೂ ತನಗೂ ನಡುವೆ ಇಟ್ಟುಕೊಳ್ಳುವ ಸಮಯದ ಅಂತರ, 1 ಸೆಕೆಂಡ್ ಇರುವುದರಿಂದ ಕಾರುಗಳು ಸೆಕೆಂಡಿಗೆ 9 ಮೀಟರ್‌ನಂತೆ, ಅಂದರೆ ಗಂಟೆಗೆ 32 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡಬೇಕು. ಈ ಲೆಕ್ಕವನ್ನು ಓಡಿಸುವ ಮುಂಚೆಯೇ ಕಾಗದದ ಮೇಲೆ ಹಾಕಿ. ಪರದೆಯ ಮೇಲೆ ಬೇರೆ ಏನೋ ಕಂಡರೆ ತಕ್ಷಣ ಗೊತ್ತಾಗುತ್ತದೆ.

ಈಗ ಸಿಗ್ಮಾ ಅನ್ನುವುದನ್ನು ನೋಡಿ. ಚಾಲಕ ಎಷ್ಟು ಅಸಮವಾಗಿ ಓಡಿಸುತ್ತಾನೆ ಅನ್ನುವುದರ ಅಳತೆ ಅದು. ಸೊನ್ನೆ ಕೊಟ್ಟರೆ 30 ಕಾರೂ ಒಂದೇ ಸಮ ಓಡುತ್ತವೆ. ಸುಮೋ ತಾನಾಗಿ ಕೊಡುವ 0.5 ಬಿಟ್ಟರೆ ಕಾರುಗಳು ಅಲ್ಲಲ್ಲಿ ಗುಂಪುಗೂಡುತ್ತವೆ. ಕಾರುಗಳಿಗೆ ವೇಗದ ಪ್ರಕಾರ ಬಣ್ಣ ಬರುವ ಹಾಗೆ ಮಾಡಿಕೊಳ್ಳಿ. ನಿಧಾನದವು ಕೆಂಪು, ವೇಗದವು ಹಸಿರು, ನೀಲಿ. ಕಾರುಗಳು ಒಂದು ದಿಕ್ಕಿಗೆ ಸುತ್ತುತ್ತಿದ್ದರೆ ಕೆಂಪು ತುಂಡು ಉಲ್ಟಾ ದಿಕ್ಕಿಗೆ ಸುತ್ತುತ್ತದೆ. ನನ್ನ ಲ್ಯಾಬ್‌ನಲ್ಲಿ ಮಕ್ಕಳು ಗಲಾಟೆ ನಿಲ್ಲಿಸುವ ಹೊತ್ತು ಇದು. ಯಾವ ಒಂದು ಕಾರನ್ನು ಹಿಂಬಾಲಿಸಿ ನೋಡಿದರೂ ಅದು ಕೆಂಪಿನೊಳಗೆ ಹೋಗುತ್ತದೆ, ಸ್ವಲ್ಪ ಹೊತ್ತು ತೆವಳುತ್ತದೆ, ಹೊರಗೆ ಬರುತ್ತದೆ. ಕೆಂಪು ಮಾತ್ರ ಕರಗದೆ ಉಳಿದು, ಹಿಂದಿನವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಎಳೆದುಕೊಳ್ಳುತ್ತದೆ.

ಅಲೆ ಸ್ಪಷ್ಟವಾಗಿ ಕಾಣದಿದ್ದರೆ ನೀವೇ ಒಂದು ಹುಟ್ಟಿಸಿ. ಸುಮೋ ಓಡುತ್ತಿರುವಾಗಲೇ ಪೈಥಾನ್‌ನಿಂದ ಅದಕ್ಕೆ ಆಜ್ಞೆ ಕೊಡಲು ಟ್ರೇಸಿ ಅನ್ನುವ ದಾರಿ ಇದೆ. 200ನೇ ಸೆಕೆಂಡಿನಲ್ಲಿ ಒಂದು ಕಾರಿನ ವೇಗವನ್ನು ಐದಾರು ಸೆಕೆಂಡ್ ಕಾಲ ಸೆಕೆಂಡಿಗೆ 1 ಮೀಟರ್‌ಗೆ ಇಳಿಸಿ. ಆಮೇಲೆ ಸೆಟ್‌ಸ್ಪೀಡ್‌ಗೆ ಮೈನಸ್ 1 ಕೊಟ್ಟರೆ ಕಾರು ಮತ್ತೆ ತನ್ನ ಸ್ವಂತ ಬುದ್ಧಿಗೆ ಮರಳುತ್ತದೆ.

ಮೂರು ಕಾರಿಗೆ ಕಿವಿ ಕೊಡಿ

30ರಲ್ಲಿ 3 ಕಾರನ್ನು ಆರಿಸಿ, ಸುತ್ತಲೂ ಹರಡಿದ ಹಾಗೆ. ಎಲ್ಲ ಕಾರುಗಳೂ ತಮ್ಮ ವೇಗ ಹೇಳುತ್ತವೆ, ಕೇಳಿಸಿಕೊಳ್ಳುವುದು ಈ ಮೂರು ಮಾತ್ರ ಅಂತಿಟ್ಟುಕೊಳ್ಳಿ. ಅವುಗಳಿಗೆ ಒಂದೇ ನಿಯಮ: ಮುಂದಿನ 150 ಮೀಟರ್‌ನಲ್ಲಿರುವ ಕಾರುಗಳ ವೇಗ ಕೇಳು, ಸರಾಸರಿ ತೆಗೆ, ಆ ವೇಗದಲ್ಲಿ ಹೋಗು. ಮುಂದೆ ಜಾಗ ಖಾಲಿ ಕಂಡಿತು ಅಂತ ನುಗ್ಗಬೇಡ. ಸೆಟ್‌ಸ್ಪೀಡ್‌ಗೆ ಈ ಸರಾಸರಿ ಕೊಟ್ಟರೆ ಸಾಕು. ಸುಮೋ ಮಾಮೂಲಿ ಸ್ಥಿತಿಯಲ್ಲಿ ಸುರಕ್ಷಿತ ಅಂತರವನ್ನು ತಾನೇ ನೋಡಿಕೊಳ್ಳುತ್ತದೆ, ಹೋಗಿ ಗುದ್ದುವುದಿಲ್ಲ.

ಏನಾಗುತ್ತದೆ ನೋಡಿ. ಅಲೆ ಹಿಂದಕ್ಕೆ ಬಂದು ಈ ಕಾರನ್ನು ಮುಟ್ಟುವ ಮೊದಲೇ ಇದು ವೇಗ ಇಳಿಸಿಕೊಂಡಿರುತ್ತದೆ. ಇದರ ಮುಂದೆ ಒಂದಿಷ್ಟು ಜಾಗ ತೆರೆದುಕೊಂಡಿರುತ್ತದೆ. ನಿಂತವರು ಹೊರಡುವಷ್ಟರಲ್ಲಿ ಇದು ಅಲ್ಲಿಗೆ ತಲುಪುತ್ತದೆ, ಹಾಗಾಗಿ ಪೂರ್ತಿ ನಿಲ್ಲುವ ಪ್ರಸಂಗವೇ ಬರುವುದಿಲ್ಲ. ಹಿಂದಿನವರು ಏನನ್ನೂ ಕೇಳಿಸಿಕೊಳ್ಳದಿದ್ದರೂ ಅವರೂ ನಿಲ್ಲುವುದಿಲ್ಲ. ಎಲ್ಲರೂ ಕೇಳಿಸಿಕೊಂಡು ನಡೆಯಬೇಕಿಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ನನಗೆ ಈ ವಿಷಯದ ಮೇಲೆ ಪ್ರೀತಿ ಬಂದದ್ದೇ ಇದರಿಂದ.

ಇದು ಕಂಪ್ಯೂಟರಿನ ಮಾತಷ್ಟೇ ಅಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ನಗೋಯಾದ ಹಾಗೇ ಕಾರುಗಳನ್ನು ವೃತ್ತದಲ್ಲಿ ಓಡಿಸಿ, ಒಂದೇ ಒಂದು ಕಾರನ್ನು ಸಮನಾದ ವೇಗ ಹಿಡಿಯುವ ಹಾಗೆ ನಿಯಂತ್ರಿಸಿದರು. ಅಲೆ ಅಡಗಿತು. ಒಟ್ಟು ಇಂಧನ ಬಳಕೆ ಶೇಕಡಾ 40ರ ತನಕ ಇಳಿದದ್ದೂ ಉಂಟು. ಮಕ್ಕಳ ಸ್ಲೈಡ್‌ಗಳಲ್ಲಿ ತಿರುಗಾಡುವ 40 ಇಲ್ಲಿಂದಲೇ ಬಂದಿರಬಹುದು ಅಂತ ನನ್ನ ಅನುಮಾನ. ಅದು ವೃತ್ತದಲ್ಲಿ ಉಳಿದ ಇಂಧನ, ನಗರದಲ್ಲಿ ಉಳಿದ ಸಮಯ ಅಲ್ಲ. 2022ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್ ಹತ್ತಿರದ ಹೆದ್ದಾರಿಯಲ್ಲಿ, ಮಾಮೂಲಿ ಟ್ರಾಫಿಕ್ ನಡುವೆ, 100 ಕಾರು ಬಿಟ್ಟು ಇದನ್ನೇ ದೊಡ್ಡದಾಗಿ ಪರೀಕ್ಷಿಸಿದರು.

ಈಗ ನಿಮ್ಮ ಮೂರು ಕಾರಿಗೆ ನಿಜವಾದ ಕಷ್ಟ ಕೊಡಿ. ಟ್ರೇಸಿ ನಿಮಗೆ ಎಲ್ಲ ಕಾರಿನ ಎಲ್ಲ ವಿವರ ಆ ಕ್ಷಣಕ್ಕೇ ಕೊಡುತ್ತದೆ. ರಸ್ತೆಯಲ್ಲಿ ಹಾಗಿರುವುದಿಲ್ಲ. ಸುಮೋ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಹೋಗುವ ಹೆಜ್ಜೆಯ ಅವಧಿ 1 ಸೆಕೆಂಡ್ ಇರುತ್ತದೆ, ಅದನ್ನು 0.1 ಮಾಡಿ. ಹತ್ತರಲ್ಲಿ ಒಂದು ಸಂದೇಶ ಬೀಳಿಸಿ. ಆಮೇಲೆ ಮೂರರಲ್ಲಿ ಒಂದು. ಸುದ್ದಿ ಅರ್ಧ ಸೆಕೆಂಡ್ ತಡವಾಗಿ ಬರುವ ಹಾಗೆ ಮಾಡಿ. ನಗರದ ಮೂಲೆಯಲ್ಲಿ ಕಟ್ಟಡ ಅಡ್ಡ ಬಂದರೆ ಈ ತರಂಗ ಬಗ್ಗಿ ಹೋಗುವುದಿಲ್ಲ, ದೊಡ್ಡ ಲಾರಿ ಅಡ್ಡ ಬಂದರೂ ಸೊರಗುತ್ತದೆ. ರೇಡಿಯೋವನ್ನು ಇನ್ನೂ ನಿಖರವಾಗಿ ಬೇಕು ಅನ್ನುವವರು ವೇಯ್ನ್ಸ್ ಅನ್ನುವುದನ್ನು ಹಾಕಿಕೊಳ್ಳಬಹುದು. ಅದು ಜಾಲದ ಸಿಮ್ಯುಲೇಟರನ್ನು ಸುಮೋಗೆ ಜೋಡಿಸುತ್ತದೆ. ಕಲಿಯುವುದು ಕಷ್ಟ. ಮೊದಲ ಸಲಕ್ಕೆ ಬೇಡ.

ಒಂದು ಕಾರನ್ನು ಸುಳ್ಳು ಹೇಳುವ ಹಾಗೂ ಮಾಡಿ. ಓಡುತ್ತಾ ಇದ್ದರೂ "ನಾನು ನಿಂತಿದ್ದೇನೆ" ಅಂತ ಸಾರಲಿ. 2020ರಲ್ಲಿ ಸೈಮನ್ ವೆಕರ್ಟ್ ಅನ್ನುವ ಕಲಾವಿದ ಬರ್ಲಿನ್ನಿನಲ್ಲಿ 99 ಹಳೆಯ ಫೋನ್‌ಗಳನ್ನು ಒಂದು ಸಣ್ಣ ಕೈಗಾಡಿಯಲ್ಲಿ ತುಂಬಿಕೊಂಡು ನಡೆದರು. ಖಾಲಿ ರಸ್ತೆ ಗೂಗಲ್ ಮ್ಯಾಪ್ಸ್‌ನಲ್ಲಿ ಕೆಂಪಾಯಿತು. ಇಂಥ ಮೋಸ ತಡೆಯಲೆಂದೇ ಈ ರೇಡಿಯೋಗಳ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ಆದರೆ ಸಹಿ ಇದ್ದವರೆಲ್ಲ ನಿಜವನ್ನೇ ಹೇಳುತ್ತಾರೆ ಅಂತಿಲ್ಲ. ನಿಮ್ಮ ನಿಯಮ ಒಬ್ಬರ ಮಾತಿಗೆ ಬೀಳುತ್ತದೋ, ಐದು ಜನರ ಮಾತು ಕೂಡಿಸಿ ನೋಡುತ್ತದೋ ಪರೀಕ್ಷಿಸಿ.

ಈಗ ಹೆಬ್ಬಾಳಕ್ಕೆ

ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ಉಚಿತ ನಕ್ಷೆಯಿಂದ ರಸ್ತೆಗಳನ್ನು ಇಳಿಸಿಕೊಡುವ, ಸುಮೋ ಜೊತೆ ಬರುವ ಓಎಸ್ಎಂ ವೆಬ್ ವಿಝಾರ್ಡ್ ತೆರೆಯಿರಿ. ಬ್ರೌಸರ್‌ನಲ್ಲಿ ನಕ್ಷೆ ಬರುತ್ತದೆ. ಮೇಖ್ರಿ ಸರ್ಕಲ್‌ನಿಂದ ಕೊಡಿಗೇಹಳ್ಳಿ ತನಕ ಚೌಕಟ್ಟು ಎಳೆಯಿರಿ, ಎಡಬದಿ ಸಂಚಾರ ಅನ್ನುವುದಕ್ಕೆ ಗುರುತು ಹಾಕಿ, ಸಿದ್ಧಪಡಿಸು ಅನ್ನಿ. ಕೆಲವೇ ನಿಮಿಷದಲ್ಲಿ ಹೆಬ್ಬಾಳದ ಮೇಲ್ಸೇತುವೆ ನಿಮ್ಮ ಪರದೆಯಲ್ಲಿ. ಎಡಬದಿಯ ಗುರುತು ಮರೆತರೆ ಎಲ್ಲರೂ ಬಲಬದಿಯಲ್ಲಿ ಓಡುತ್ತಾರೆ. ವರ್ಷಗಳ ಹಿಂದೆ ಸೀನಿಯರ್‌ಗಳು ಇಳಿಸಿಟ್ಟ ನಕ್ಷೆ ಬಳಸಬೇಡಿ. ಅಲ್ಲಿ ಹೊಸ ಲೂಪ್ ಬಂದು ದಾರಿ ಬದಲಾಗಿದೆ.

ಇಳಿಸಿದ ನಕ್ಷೆಯನ್ನು ನಂಬಬೇಡಿ. ಬಹಳ ಕಡೆ ಲೇನ್ ಎಷ್ಟು ಅಂತ ಯಾರೂ ತುಂಬಿರುವುದಿಲ್ಲ, ಸುಮೋ ಊಹೆ ಮಾಡುತ್ತದೆ. ಸರ್ವಿಸ್ ರಸ್ತೆಯಿಂದ ಒಳಗೆ ಬರುವ ಜಾಗ, ಸಿಗ್ನಲ್ ಇರುವ ಜಾಗ, ಬಸ್ ನಿಲ್ಲುವ ಜಾಗ, ಒಂದೊಂದನ್ನೂ ನೆಟ್‌ಎಡಿಟ್‌ನಲ್ಲಿ ನೋಡಿ ತಿದ್ದಿ. ಸಾಧ್ಯವಾದರೆ ಹೋಗಿ ನಿಂತು ನೋಡಿ ಬನ್ನಿ. ಎಸ್ಟೀಮ್ ಮಾಲ್ ಮುಂದೆ ಬಸ್ಸುಗಳು ಎಲ್ಲಿ ನಿಲ್ಲುತ್ತವೆ, ಎರಡನೇ ಸಾಲಿನಲ್ಲಿ ಎಷ್ಟು ಹೊತ್ತು ಇರುತ್ತವೆ ಅನ್ನುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅರ್ಧ ಜಾಮ್‌ಗೆ ಅದೇ ಕಾರಣ ಆಗಿರಬಹುದು. ಈ ತಿದ್ದುವ ಕೆಲಸಕ್ಕೆ ಬೇರೆಲ್ಲ ಕೆಲಸಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಆಮೇಲೆ ನಮ್ಮ ಟ್ರಾಫಿಕ್. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳಲ್ಲಿ ಹತ್ತಿರಹತ್ತಿರ ಮೂರನೇ ಎರಡು ಪಾಲು ದ್ವಿಚಕ್ರ ವಾಹನ. ಸುಮೋ ಮಾಮೂಲಿಯಾಗಿ ಒಂದು ಲೇನ್‌ನಲ್ಲಿ ಒಂದರ ಹಿಂದೆ ಒಂದು ವಾಹನವನ್ನೇ ನಿಲ್ಲಿಸುತ್ತದೆ. ಲ್ಯಾಟರಲ್ ರೆಸಲ್ಯೂಷನ್ ಅನ್ನುವುದಕ್ಕೆ 0.8 ಮೀಟರ್ ಆಸುಪಾಸಿನ ಅಳತೆ ಕೊಟ್ಟರೆ ಲೇನ್ ಉಪಪಟ್ಟಿಗಳಾಗಿ ಒಡೆಯುತ್ತದೆ. ಬೈಕ್‌ಗಳು ಸಂದಿಯಲ್ಲಿ ತೂರುತ್ತವೆ, ಆಟೋ ಎರಡು ಕಾರಿನ ನಡುವೆ ಬಂದು ನಿಲ್ಲುತ್ತದೆ. ಸಿಮ್ಯುಲೇಷನ್ ನಿಧಾನವಾಗುತ್ತದೆ, ಆದರೆ ಇದಿಲ್ಲದೆ ಬೆಂಗಳೂರು ಆಗುವುದಿಲ್ಲ.

ಆಗ ಒಂದು ಕಹಿ ಸತ್ಯ ಕಾಣುತ್ತದೆ. ವೃತ್ತದಲ್ಲಿ ಗೆದ್ದ ನಿಮ್ಮ ಮೂರು ಕಾರು ಮುಂದೆ ಜಾಗ ಬಿಟ್ಟ ಕೂಡಲೇ ಆ ಜಾಗಕ್ಕೆ ನಾಲ್ಕು ಬೈಕ್ ಬಂದು ಕೂರುತ್ತವೆ. ಕಾರು ಮತ್ತೆ ಜಾಗ ಬಿಡುತ್ತದೆ, ಮತ್ತೆ ತುಂಬುತ್ತದೆ. ಟೂಸಾನ್ ನಿಯಮವನ್ನು ಹಾಗೇ ತಂದರೆ ಇಲ್ಲಿ ನಡೆಯುವುದಿಲ್ಲ. ದೊಡ್ಡ ಜಾಗ ಬಿಡುವುದಕ್ಕಿಂತ ಸಮನಾದ ವೇಗ ಹಿಡಿಯುವುದು ಇಲ್ಲಿ ಮುಖ್ಯ. ನನ್ನ ಅಭಿಪ್ರಾಯ ಕೇಳಿದರೆ, ರೇಡಿಯೋ ಮೊದಲು ಹೋಗಬೇಕಾದದ್ದು ಬಸ್ಸಿಗೆ. ಬಿಎಂಟಿಸಿಯದು ಆರು ಸಾವಿರಕ್ಕೂ ಹೆಚ್ಚು ಬಸ್ಸು. ಎಲ್ಲ ದೊಡ್ಡ ರಸ್ತೆಯಲ್ಲೂ ಇವೆ. ಒಂದು ಬಸ್ಸು ಸಮನಾಗಿ ಓಡಿದರೆ ಆ ಲೇನ್ ಪೂರ್ತಿ ಅದರ ಹಿಂದೆ ಸಮನಾಗಿ ಓಡಬೇಕಾಗುತ್ತದೆ, ಮುಂದೆ ಬೈಕ್ ತೂರಿದರೂ ಅದಕ್ಕೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಅರವತ್ತು ಎಪ್ಪತ್ತು ಜನ ಒಟ್ಟಿಗೆ ಹೋಗುವ ವಾಹನಕ್ಕೆ ಮೊದಲು ದಾರಿ ಮಾಡಿಕೊಡುವುದು ನ್ಯಾಯವೂ ಹೌದು. ನಿಮ್ಮ ಮಾದರಿಯಲ್ಲಿ 10 ಕಾರಿಗೆ ಕಿವಿ ಕೊಟ್ಟು ಒಮ್ಮೆ, 10 ಬಸ್ಸಿಗೆ ಕೊಟ್ಟು ಒಮ್ಮೆ ಓಡಿಸಿ ಹೋಲಿಸಿ.

ಸೇರುವ ಜಾಗಕ್ಕೆ ಬನ್ನಿ. ರ‍್ಯಾಂಪ್ ಹತ್ತಿ ಬಂದವರೂ ಮುಖ್ಯ ರಸ್ತೆಯವರೂ ಕೂಡುವ ಜಾಗವನ್ನು ಸುಮೋದಲ್ಲಿ ಎರಡು ರೀತಿ ಮಾಡಬಹುದು. ಒಬ್ಬರಿಗೆ ಆದ್ಯತೆ, ಇನ್ನೊಬ್ಬರು ಕಾಯಬೇಕು ಅನ್ನುವುದು ಒಂದು. ಜಿಪ್ಪರ್ ಅನ್ನುವುದು ಇನ್ನೊಂದು: ಪ್ಯಾಂಟಿನ ಜಿಪ್ಪಿನ ಹಲ್ಲುಗಳ ಹಾಗೆ ಆ ಕಡೆಯದೊಂದು, ಈ ಕಡೆಯದೊಂದು. ಮಾತಾಡುವ ವಾಹನಗಳು ಕೂಡುವ ಜಾಗಕ್ಕಿಂತ 100, 150 ಮೀಟರ್ ಮುಂಚೆಯೇ ಸರದಿ ಮಾಡಿಕೊಂಡು, ಅದಕ್ಕೆ ತಕ್ಕ ವೇಗ ಹಿಡಿದು ಬರುತ್ತವೆ. ಆಗ ಯಾರೂ ನಿಂತು ಹೊರಡಬೇಕಿಲ್ಲ. ಆ ಸೋರಿಹೋಗುವ ಶೇಕಡಾ 10 ಇದೆಯಲ್ಲ, ಅದು ವಾಪಸ್ ಸಿಗುವುದು ಇಲ್ಲಿ.

ಇಲ್ಲಿ ಒಂದು ಬಲೆ ಇದೆ. ಲೇನ್ ಬದಲಿಸುವಾಗ ಬೇರೆಯವರಿಗೆ ಜಾಗ ಕೊಡುವ ಗುಣಕ್ಕೆ ಸುಮೋದಲ್ಲಿ ಎಲ್‌ಸಿ ಕೋಆಪರೇಟಿವ್ ಅಂತ ಹೆಸರು. ಅದು ಮೊದಲಿಂದಲೇ 1 ಇರುತ್ತದೆ. ಅಂದರೆ ಎಲ್ಲ ಚಾಲಕರೂ ಆಗಲೇ ಪೂರ್ತಿ ಸಹಕಾರ ಕೊಡುತ್ತಿದ್ದಾರೆ ಅಂತ ಲೆಕ್ಕ. ಹಾಗೇ ಬಿಟ್ಟು ಹೋಲಿಸಿದರೆ ರೇಡಿಯೋದಿಂದ ಏನೂ ಉಪಯೋಗವಿಲ್ಲ ಅನ್ನುವ ಉತ್ತರ ಬರಬಹುದು. ರೇಡಿಯೋ ಇಲ್ಲದ ವಾಹನಗಳಿಗೆ ಅದನ್ನು ಇಳಿಸಿ. ಎಷ್ಟಕ್ಕೆ ಇಳಿಸಬೇಕು ಅನ್ನುವುದನ್ನು ಸ್ಥಳದಲ್ಲಿ ತೆಗೆದ ವಿಡಿಯೋ ನೋಡಿ ಹೊಂದಿಸಿ. ನಿಮಗೆ ಬೇಕಾದ ಉತ್ತರ ಬರುವ ತನಕ ಇಳಿಸುತ್ತಾ ಹೋಗಬೇಡಿ.

ಸಿಗ್ನಲ್ ವಿಷಯ ಸಂಕ್ಷಿಪ್ತ. "ಹಸಿರು ಬರಲು 20 ಸೆಕೆಂಡ್ ಇದೆ, ಗಂಟೆಗೆ 30ರ ವೇಗದಲ್ಲಿ ಬಾ" ಅಂತ ಸಿಗ್ನಲ್ ಹೇಳಿದರೆ ವಾಹನ ನಿಲ್ಲದೆ ದಾಟಬಹುದು. ಸುಮೋದಲ್ಲಿ ಗ್ಲೋಸಾ ಅನ್ನುವ ಸೌಲಭ್ಯ ಇದೆ. ಆದರೆ ಬೆಂಗಳೂರಿನ ಹಲವು ಜಂಕ್ಷನ್‌ಗಳಲ್ಲಿ ಈಗ ವಾಹನ ಎಣಿಸಿ ಸಮಯ ಬದಲಿಸುವ ಸಿಗ್ನಲ್‌ಗಳು ಬಂದಿವೆ. ಪೀಕ್ ಅವರ್‌ನಲ್ಲಿ ಪೊಲೀಸರು ಕೈಯಿಂದಲೇ ಬದಲಿಸುವುದೂ ಇದೆ. ಹಸಿರು ಯಾವಾಗ ಬರುತ್ತದೆ ಅಂತ ಸಿಗ್ನಲ್‌ಗೇ ಗೊತ್ತಿಲ್ಲದಿದ್ದರೆ ಸಲಹೆ ಕೊಡುವುದು ಹೇಗೆ? ರಾತ್ರಿ ಹೊತ್ತಿಗೆ, ಸಮಯ ಗೊತ್ತುಮಾಡಿದ ಸಿಗ್ನಲ್‌ಗೆ ಮಾತ್ರ ಇದನ್ನು ಪರೀಕ್ಷಿಸಿ.

ಬೇರೆ ದಾರಿ ಹೇಳುವುದರ ಅಪಾಯ

ಜಾಮ್ ಇದೆ ಅಂತ ಗೊತ್ತಾದ ವಾಹನ ದಾರಿ ಬದಲಿಸುತ್ತದೆ. ಸುಮೋದಲ್ಲಿ ಇದಕ್ಕೆ ರೀರೂಟಿಂಗ್ ಡಿವೈಸ್ ಅಂತಾರೆ. ಎಷ್ಟು ಪಾಲು ವಾಹನಕ್ಕೆ ಅದು ಇರಬೇಕು ಅಂತ ಪ್ರಾಬಬಿಲಿಟಿಯಲ್ಲಿ ಕೊಡಬಹುದು. 0ಯಿಂದ ಶುರು ಮಾಡಿ. 0.1, 0.3, 0.5, ಕೊನೆಗೆ 1. ಮೊದಲು ಎಲ್ಲರಿಗೂ ಸಮಯ ಉಳಿಯುತ್ತದೆ. ಆದರೆ ಎಲ್ಲರಿಗೂ ಒಂದೇ ಸುದ್ದಿ ಸಿಕ್ಕರೆ ಎಲ್ಲರೂ ಒಟ್ಟಿಗೆ ಒಂದೇ ಅಡ್ಡದಾರಿಗೆ ನುಗ್ಗುತ್ತಾರೆ. ಬಳ್ಳಾರಿ ರಸ್ತೆ ಖಾಲಿಯಾಗುತ್ತದೆ, ಸಂಜಯನಗರ, ಭೂಪಸಂದ್ರ, ಗಂಗಾನಗರದ ಒಳರಸ್ತೆಗಳು ಕಟ್ಟಿಕೊಳ್ಳುತ್ತವೆ. ಆಮೇಲೆ ಎಲ್ಲರೂ ಒಟ್ಟಿಗೆ ವಾಪಸ್.

ಇದು ಸಹಕಾರ ಅಲ್ಲ, ಎಲ್ಲರ ಕೈಗೂ ಒಂದೇ ಚೀಟಿ ಕೊಟ್ಟ ಹಾಗೆ ಅಷ್ಟೇ. ಸಹಕಾರ ಅಂದರೆ ಹತ್ತರಲ್ಲಿ ಇಬ್ಬರು ಆ ಕಡೆ ಹೋಗಿ, ಉಳಿದವರು ಇಲ್ಲೇ ಇರಿ ಅಂತ ಹಂಚಿಕೊಳ್ಳುವುದು. ವಾಹನದ ಸಂಖ್ಯೆಯ ಕೊನೆಯ ಅಂಕಿ ನೋಡಿ ಹಂಚುವ ಸರಳ ನಿಯಮ ಕೂಡ ಮೊದಲ ಪ್ರಯೋಗಕ್ಕೆ ಸಾಕು. ಇಂದು ಹೋದವರು ನಾಳೆ ಹೋಗಬಾರದು ಅಂತ ಸರದಿ ಇಟ್ಟರೆ ಇನ್ನೂ ಚೆನ್ನ. ಜೊತೆಗೆ ಶಾಲೆ ಇರುವ ಬೀದಿಗಳನ್ನು ಗುರುತು ಮಾಡಿ, ಶಾಲೆ ಬಿಡುವ ಹೊತ್ತಿಗೆ ಅಲ್ಲಿಗೆ ಯಾರನ್ನೂ ಕಳಿಸಬೇಡಿ. ಆ ಬೀದಿಯ ಮಕ್ಕಳು, ಹಾಲು ತರಲು ಹೋದ ಅಜ್ಜ ಯಾವ ರೇಡಿಯೋದಲ್ಲೂ ಮಾತಾಡುವುದಿಲ್ಲ. ನಿಮ್ಮ ಮಾದರಿಯಲ್ಲಿ ಅವರ ಪರವಾಗಿ ನೀವೇ ಒಂದು ಸಾಲು ಬರೆಯಬೇಕು. ಈ ಸಾಲಿಲ್ಲದ ಪ್ರಾಜೆಕ್ಟನ್ನು ನಾನು ಪೂರ್ಣ ಅಂತ ಒಪ್ಪುವುದಿಲ್ಲ.

ಫಲಿತಾಂಶ ಬರೆಯುವ ಮುಂಚೆ

ಶೇಕಡಾ 40 ಹುಟ್ಟುವ ಜಾಗ ಸಾಮಾನ್ಯವಾಗಿ ಇಲ್ಲಿ.

ಸುಮೋದಲ್ಲಿ ಒಂದು ವಾಹನ 300 ಸೆಕೆಂಡ್ ಅಲ್ಲಾಡದೆ ನಿಂತರೆ ಅದನ್ನು ಎತ್ತಿ ಮುಂದೆ ಎಲ್ಲೋ ಇಡುತ್ತದೆ. ಇದಕ್ಕೆ ಟೆಲಿಪೋರ್ಟ್ ಅನ್ನುತ್ತಾರೆ. ಇಡೀ ನಗರ ಸಿಕ್ಕಿಬೀಳಬಾರದು ಅಂತ ಮಾಡಿರುವ ವ್ಯವಸ್ಥೆ. ಹೆಬ್ಬಾಳದಲ್ಲಿ 300 ಸೆಕೆಂಡ್ ನಿಲ್ಲುವುದು ದೊಡ್ಡ ವಿಷಯವೇ ಅಲ್ಲ. ಹಾಗಾಗಿ ಜಾಮ್ ಜೋರಾದಷ್ಟೂ ವಾಹನಗಳು ಮಾಯವಾಗುತ್ತವೆ, ಜಾಮ್ ಕರಗಿದ ಹಾಗೆ ಕಾಣುತ್ತದೆ. ಟೈಮ್ ಟು ಟೆಲಿಪೋರ್ಟ್‌ಗೆ ಮೈನಸ್ 1 ಕೊಟ್ಟು ಇದನ್ನು ನಿಲ್ಲಿಸಿ. ಆಗ ಎಲ್ಲ ಪೂರ್ತಿ ಲಾಕ್ ಆಗಿಬಿಟ್ಟರೆ ಸಾಮಾನ್ಯವಾಗಿ ನಕ್ಷೆಯಲ್ಲೇ ದೋಷ ಇರುತ್ತದೆ, ಹೋಗಿ ತಿದ್ದಿ.

ಎರಡನೆಯದು ಇನ್ನೂ ಮೋಸದ್ದು. ನಿಮ್ಮ ಚೌಕಟ್ಟಿನ ಅಂಚಿನಲ್ಲಿ ರಸ್ತೆ ತುಂಬಿದ್ದರೆ ಹೊಸ ವಾಹನಗಳಿಗೆ ಒಳಗೆ ಬರಲು ಜಾಗ ಇರುವುದಿಲ್ಲ. ಅವು ಹೊರಗೆ, ಪರದೆಗೆ ಕಾಣದ ಹಾಗೆ, ಕಾಯುತ್ತವೆ. ಆ ಕಾಯುವಿಕೆ ಪ್ರಯಾಣದ ಸಮಯದಲ್ಲಿ ಸೇರುವುದಿಲ್ಲ, ಡಿಪಾರ್ಟ್ ಡಿಲೇ ಅನ್ನುವ ಬೇರೆ ಕಾಲಂನಲ್ಲಿ ಇರುತ್ತದೆ. ಒಂದು ತಂಡದ ಮಾದರಿಯಲ್ಲಿ ಸೇತುವೆಯ ಮೇಲೆ ಗಾಳಿ ಬೀಸುವ ಹಾಗೆ ಓಡಾಟ. ಆ ಕಾಲಂ ತೆರೆದು ನೋಡಿದರೆ ಇಡೀ ಸಾಲು ನಕ್ಷೆಯ ಆಚೆ ನಿಂತಿತ್ತು. ಎರಡನ್ನೂ ಕೂಡಿಸಿಯೇ ಹೇಳಿ. ಸಮಯ ಮುಗಿದಾಗ ಇನ್ನೂ ರಸ್ತೆಯಲ್ಲೇ ಇದ್ದ ವಾಹನಗಳೂ ಪ್ರಯಾಣಗಳ ವಿವರ ಬರೆಯುವ ಟ್ರಿಪ್‌ಇನ್ಫೋ ಫೈಲ್‌ಗೆ ತಾವಾಗಿ ಬರುವುದಿಲ್ಲ. ಅವನ್ನೂ ಬರೆ ಅಂತ ಹೇಳುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಅತಿ ಹೆಚ್ಚು ಒದ್ದಾಡಿದವರು ಅವರೇ ಅಲ್ವಾ?

ಒಂದೇ ಸಲ ಓಡಿಸಿ ಬಂದ ಅಂಕಿಗೆ ಬೆಲೆ ಇಲ್ಲ. ಸೀಡ್ ಸಂಖ್ಯೆ, ಅಂದರೆ ಆ ಸಲದ ಆಕಸ್ಮಿಕ ಏರುಪೇರನ್ನು ಗೊತ್ತುಮಾಡುವ ಸಂಖ್ಯೆ, ಬದಲಿಸುತ್ತಾ ಕನಿಷ್ಠ 10 ಸಲ ಓಡಿಸಿ. ರೇಡಿಯೋ ಇಲ್ಲದೆಯೂ ಅಷ್ಟೇ ಸಲ, ಅದೇ ಸೀಡ್‌ಗಳಲ್ಲಿ. ಮೊದಲ 15 ನಿಮಿಷ ರಸ್ತೆ ತುಂಬಿಕೊಳ್ಳುವ ಹೊತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸರಾಸರಿಯ ಜೊತೆಗೆ ಅತಿ ಹೆಚ್ಚು ತಡವಾದ ಹತ್ತನೇ ಒಂದು ಪಾಲಿನವರಿಗೆ ಏನಾಯಿತು ಅಂತಲೂ ಬರೆಯಿರಿ. ರೇಡಿಯೋ ಇದ್ದವರಿಗೆ ಎಷ್ಟು ಉಳಿಯಿತು, ಇಲ್ಲದವರಿಗೆ ಎಷ್ಟು ಅಂತ ಬೇರೆ ಬೇರೆ ತೋರಿಸಿ. ದುಬಾರಿ ಕಾರಿನವರ ಸಮಯ ಉಳಿದು ಬಸ್ಸಿನವರ ಸಮಯ ಹೋದರೆ ಅದು ಸರಾಸರಿಯಲ್ಲಿ ಕಾಣುವುದೇ ಇಲ್ಲ. ಸಾಧ್ಯವಾದರೆ ವಾಹನಗಳ ಬದಲು ಜನರನ್ನೇ ಎಣಿಸಿ.

ಇಷ್ಟೆಲ್ಲ ಮಾಡಿದ ಮೇಲೆ ನಿಮಗೆ ಶೇಕಡಾ 6 ಬಂದರೆ 6 ಅಂತಲೇ ಬರೆಯಿರಿ. ವೈವಾದಲ್ಲಿ ನಾನಿದ್ದರೆ ಆ 6ಕ್ಕೆ ಪೂರ್ತಿ ಅಂಕ.

ಬೆಂಗಳೂರಿನವರಲ್ಲದಿದ್ದರೆ ನಿಮ್ಮ ಊರಿನ ಜಾಗವನ್ನೇ ಆರಿಸಿಕೊಳ್ಳಿ. ಹುಬ್ಬಳ್ಳಿ, ಧಾರವಾಡದವರಿಗೆ ಒಂದು ಒಳ್ಳೆಯ ಅವಕಾಶ ಇದೆ. 2018ರಲ್ಲಿ ಶುರುವಾದ ಚಿಗರಿ ಬಸ್ಸುಗಳಿಗೆ ಅಲ್ಲಿ ಪ್ರತ್ಯೇಕ ಪಥವೇ ಇದೆ. ಬೈಕ್ ತೂರುವ ತೊಂದರೆ ಪಥದೊಳಗೆ ಕಡಿಮೆ, ಬಸ್ಸುಗಳು ಎಷ್ಟೆಷ್ಟು ಅಂತರದಲ್ಲಿ ಬರುತ್ತವೆ ಅನ್ನುವುದನ್ನು ನೀವೇ ನಿಲ್ದಾಣದಲ್ಲಿ ಕೂತು ಬರೆದುಕೊಳ್ಳಬಹುದು. ಎರಡು ಬಸ್ಸು ಒಟ್ಟಿಗೆ ಬಂದು ಆಮೇಲೆ ಬಹಳ ಹೊತ್ತು ಯಾವುದೂ ಬಾರದಿರುವುದನ್ನು, ಬಸ್ಸುಗಳು ಮಾತಾಡಿಕೊಂಡು ತಪ್ಪಿಸಬಹುದೇ ಅಂತ ನೋಡಿ. ಬೆಂಗಳೂರಿನ ನಕ್ಷೆಗಿಂತ ಚಿಕ್ಕದು, ಒಂದೇ ವಾರದಲ್ಲಿ ತಿದ್ದಿ ಮುಗಿಸಬಹುದು. ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಅದನ್ನೇ.